ಪೋಲೀಸರ ಮುಖ, ಆಪಾದಿತನ ಮುಖ

ರೈತನಾಯಕ ದಿವಂಗತ ಕೆ. ಎಸ್. ಪುಟ್ಟಣ್ಣಯ್ಯನವರ ಊರಾದ, ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕಡೆ ಪೋಲೀಸರೆಂದೊಡನೆ ಹಲವರ ಕಣ್ಣಿಗೆ ಕಟ್ಟುವುದು ಚಳವಳಿಯ ದಿನಗಳ ಚಿತ್ರ: ಲಾಠಿ, ಬದಿ ಮಡಿಸಿದ ಅಗಲ ಟೊಪ್ಪಿಗೆ. ಆ ಟೊಪ್ಪಿಗೆಯ ಗುಣವನ್ನು ಛಾಯಾಗ್ರಾಹಕರು ಬಲ್ಲರು. ನಡುಹಗಲಿನಲ್ಲಿ ಅದರ ಅಂಚಿನ ನೆರಳು ಕಣ್ಣುಗಳನ್ನೇ ನುಂಗಿಬಿಡುತ್ತದೆ. ಕಣ್ಣು ಕಾಣದ ಮುಖ ಸೌಮ್ಯವಾಗಿ ತೋರುವುದೆಂತು?

2025ರ ಅಕ್ಟೋಬರ್ 28ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪೇದೆಗಳಿಗೆ ಕಡುನೀಲಿಯ ಪೀಕ್ ಕ್ಯಾಪ್‌ಗಳನ್ನು ವಿತರಿಸಿದರು. ಓಡುವಾಗ ಉದುರುತ್ತಿದ್ದ ಟೊಪ್ಪಿಗೆಯ ಕಾಟ ತಪ್ಪಿತು, ಚಿತ್ರದಲ್ಲಿ ಮುಖವೂ ತುಸು ತೆರೆಯಿತು. (ಕ್ಯಾಮರಾವನ್ನು ಕೆಳಗಿನಿಂದ ಹಿಡಿದು ಅಧಿಕಾರಿಯನ್ನು ಚಲಚ್ಚಿತ್ರದ ನಾಯಕನಾಗಿಸುವ ವಿಡಿಯೋ ಚಪಲ ಮಾತ್ರ ಉಳಿದೇ ಇದೆ, ಅದಕ್ಕೆ ಟೊಪ್ಪಿಗೆ ಹೊಣೆಯಲ್ಲ!)

ಪೋಲೀಸರ ಮುಖವೇನೋ ತೆರೆಯಿತು. ಆಪಾದಿತನ ಮುಖದ ಮಾತೇನು? ಮೇಜಿನ ತುಂಬ ವಶಪಡಿಸಿಕೊಂಡ ಒಡವೆ, ಹಿಂದೆ ಅಧಿಕಾರಿಗಳ ಸಾಲು, ನಡುವೆ ತಲೆತಗ್ಗಿಸಿದವನೊಬ್ಬ: ಈ ಚಿತ್ರವನ್ನು ವಾಚಕರು ನೂರು ಬಾರಿ ಕಂಡಿದ್ದಾರೆ. ಬಂಧಿತರನ್ನು ಹೀಗೆ ಪತ್ರಕರ್ತರ ಮುಂದೆ ಪ್ರದರ್ಶಿಸಕೂಡದೆಂದು ಕೇಂದ್ರ ಗೃಹ ಸಚಿವಾಲಯ 2010ರಲ್ಲಿಯೇ ಸೂಚಿಸಿತು. ಗುರುತು ಪತ್ತೆಯ ಪೆರೇಡ್ ನಡೆಯುವ ಮುನ್ನವೇ ಮುಖ ಪ್ರಕಟವಾದರೆ, ಸಾಕ್ಷಿ ಗುರುತಿಸಿದ್ದು ಕಳ್ಳನನ್ನೋ, ಪತ್ರಿಕೆಯ ಚಿತ್ರವನ್ನೋ? ಮುಂದೆ ನಿರ್ದೋಷಿಯೆಂದು ಬಿಡುಗಡೆಯಾದರೂ ಅವನ ಚಿತ್ರ ಊರವರ ಮೊಬೈಲುಗಳಲ್ಲಿ ಹಾಗೆಯೇ ಇರುತ್ತದೆ.