ಬೇರೊಬ್ಬರ ಒರೆಗಲ್ಲು

ಪ್ರಶ್ನೆ: ಅಮೆರಿಕದ ಕಾಲೇಜುಗಳಲ್ಲಿ ಪ್ರತಿಭಾವಂತರಿಗಾಗಿ ಇರುವ ‘ಆನರ್ಸ್’ ವ್ಯಾಸಂಗವು ಸಾಮಾನ್ಯ ಪದವಿ ವ್ಯಾಸಂಗಕ್ಕಿಂತ ಹೇಗೆ ಭಿನ್ನ?

ಉತ್ತರ: ಇದಕ್ಕೆ ಉತ್ತಮ ನಿದರ್ಶನ ಪೆನ್ಸಿಲ್ವೇನಿಯಾ ಪ್ರಾಂತದ ಸ್ವಾರ್ತ್‌ಮೋರ್ ಕಾಲೇಜು. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನಲ್ಲಿ ಓದಿ ಬಂದಿದ್ದ ಫ್ರ್ಯಾಂಕ್ ಏಡೆಲಾಟ್ ಅವರು, ಈ ಕಾಲೇಜಿನ ಅಧ್ಯಕ್ಷರಾದ ಮರುವರ್ಷವೇ, ಎಂದರೆ 1922ರಲ್ಲಿ, ಆಂಗ್ಲ ದೇಶದಲ್ಲಿ ತಾವು ಕಂಡ ಪದ್ಧತಿಯ ಸಸಿಯನ್ನು ತಮ್ಮ ನಾಡಿನ ಮಣ್ಣಿನಲ್ಲಿ ನೆಟ್ಟರು.

ಪದವಿಯ ಕೊನೆಯ ಎರಡು ವರ್ಷಗಳಲ್ಲಿ ಆನರ್ಸ್ ವಿದ್ಯಾರ್ಥಿಯು, ತುಂಬಿದ ತರಗತಿಯಲ್ಲಿ ಕುಳಿತು ಉಪನ್ಯಾಸವನ್ನು ಬರೆದುಕೊಳ್ಳುವುದಕ್ಕೆ ಬದಲಾಗಿ, ಕೆಲವೇ ಮಂದಿ ಸಹಪಾಠಿಗಳೊಡನೆ ಒಂದು ಮೇಜಿನ ಸುತ್ತ ಕುಳಿತು, ಮೂಲಗ್ರಂಥಗಳನ್ನೋದಿ ತಾನು ರಚಿಸಿದ ಪ್ರಬಂಧವನ್ನು ಅವರ ಮುಂದಿಟ್ಟು, ಒಂದೊಂದು ಆಕ್ಷೇಪಕ್ಕೂ ಸಮಾಧಾನ ಹೇಳುವನು. ಅಧ್ಯಾಪಕರು ಚರ್ಚೆ ದಾರಿ ತಪ್ಪದಂತೆ ನೋಡಿಕೊಳ್ಳುವರು.

ಈ ಪದ್ಧತಿಯ ಜೀವಾಳವಿರುವುದು ಪರೀಕ್ಷೆಯಲ್ಲಿ. ಒಡವೆಯ ಚಿನ್ನ ಅಪ್ಪಟವೋ ಎಂದು ತಿಳಿಯಲು, ಅದನ್ನು ಮಾಡಿದ ಅಕ್ಕಸಾಲಿಗನ ಮಾತನ್ನಷ್ಟೇ ನೆಚ್ಚದೆ ಬೇರೊಬ್ಬನ ಒರೆಗಲ್ಲಿಗೆ ಹಚ್ಚಿಸಿ ನೋಡುವಂತೆ, ಇಲ್ಲಿ ಅನ್ಯ ವಿದ್ಯಾಲಯಗಳ ವಿದ್ವಾಂಸರು ಪ್ರಶ್ನೆಪತ್ರಿಕೆಗಳನ್ನು ಕೊಟ್ಟು, ಬಳಿಕ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಮಾತಿನಲ್ಲಿ ಶೋಧಿಸಿ, ಅವನು ಆನರ್ಸ್, ಹೈ ಆನರ್ಸ್, ಹೈಯೆಸ್ಟ್ ಆನರ್ಸ್ ಎಂಬ ಶ್ರೇಣಿಗಳಲ್ಲಿ ಯಾವುದಕ್ಕೆ ಅರ್ಹನೆಂದು ನಿರ್ಣಯಿಸುವರು. ಕಲಿಸಿದವರೇ ಶ್ರೇಣಿಯನ್ನು ನಿರ್ಣಯಿಸುವವರಲ್ಲವಾದ ಕಾರಣ, ಅದಕ್ಕಾಗಿ ಗುರುವನ್ನು ಮೆಚ್ಚಿಸುವ ಹಂಗು ಶಿಷ್ಯನಿಗೆ ತಪ್ಪಿ, ಇಬ್ಬರೂ ಒಂದೇ ಪಕ್ಷದವರಾಗಿ ವಿಷಯದ ಆಳಕ್ಕಿಳಿಯಲು ಶ್ರಮಿಸುವರು.

ಶತಮಾನ ಕಳೆದರೂ ಈ ಪದ್ಧತಿ ಅಲ್ಲಿ ಇಂದಿಗೂ ನಡೆದು ಬಂದಿದೆ. ಪ್ರತಿಭೆಗೆ ಹೆಚ್ಚಿನ ಹೊಣೆಯನ್ನು ಹೊರಿಸುವುದೇ ಅದಕ್ಕೆ ಸಲ್ಲಿಸುವ ನಿಜವಾದ ಗೌರವ.