ಕೆರೆಯಂಗಳದ ಕಪ್ಪೆಯೂ ನಮ್ಮ ಮಕ್ಕಳ ಕತೆಯೂ

ಅಡಿಕೆ ಬೆಳೆಗಾರರ ಮನೆಗಳಲ್ಲಿ ಕತೆಗೆಂದೇ ಒಂದು ಹೊತ್ತಿತ್ತು. ಅದು ಸುಲಿತದ ಹೊತ್ತು. ರಾತ್ರಿ ಊಟವಾದ ಮೇಲೆ ಸುಲಿಯುವ ಕತ್ತಿಯ ಮುಂದೆ ಕುಳಿತವರ ಕೈಗೆ ಕೆಲಸ, ಬಾಯಿಗೆ ಬಿಡುವು. ಸಿಪ್ಪೆಯ ರಾಶಿಯ ಮೇಲೆ ಉರುಳಾಡುತ್ತಿದ್ದ ಮಕ್ಕಳು ನಿದ್ದೆ ಬರುವ ತನಕ ಕೇಳುತ್ತಿದ್ದರು. ಈಗ ಅನೇಕ ಕಡೆ ಸುಲಿಯುವ ಯಂತ್ರ ಬಂದಿದೆ. ಕೂಲಿಯ ತೊಂದರೆ ನೋಡಿದರೆ ಯಂತ್ರವನ್ನು ದೂರುವಂತಿಲ್ಲ. ಆದರೆ ಅದರ ಗದ್ದಲದಲ್ಲಿ ಕತೆ ಕೇಳಿಸುವುದಿಲ್ಲ ಎಂಬ ಮಾತನ್ನಾದರೂ ಹೇಳಲೇಬೇಕು.

ನಾವು ಧರ್ಮಪುರದ ಕಡೆಯವರು. ಮಲೆನಾಡಿನ ಕಾಫಿ ಬೆಳೆಗಾರ ಬಂಧುಗಳಿಗೆ ಈ ಊರು ಅಷ್ಟಾಗಿ ಪರಿಚಯವಿರಲಾರದು. ಹಿರಿಯೂರು ತಾಲ್ಲೂಕಿನ ಅಂಚಿನಲ್ಲಿ, ಆಂಧ್ರದ ಗಡಿಗೆ ಹತ್ತಿಕೊಂಡಿರುವ ಬಯಲುಸೀಮೆ ಇದು. ಹಳೆಯ ದೊಡ್ಡ ಕೆರೆಯಿದೆ, ಮಳೆ ಮಾತ್ರ ಕಡಿಮೆ. ಇಲ್ಲಿ ಅಡಿಕೆ ನಿಂತಿರುವುದು ಕೊಳವೆ ಬಾವಿಯ ಋಣದ ಮೇಲೆ. ಬರದ ವರ್ಷಗಳಲ್ಲಿ ತೋಟಗಳು ಕಣ್ಣೆದುರೇ ಒಣಗಿದವು. ಸುಳಿ ಬಿದ್ದ ಮರಗಳನ್ನು ಕಡಿಸಿ ಹಾಕುವಾಗ ಮನೆಯ ಮಕ್ಕಳೂ ನಿಂತು ನೋಡಿದವು.

ಅಂಥ ಒಂದು ವರ್ಷದಲ್ಲಿ ಮಕ್ಕಳ ಮನಸ್ಸಿಗೆ ಸಮಾಧಾನವಾಗಲೆಂದು ನಾವೊಂದು ಕತೆ ಬರೆದೆವು. ಬತ್ತಿದ ತೋಟಕ್ಕೆ ರಾತ್ರಿ ವನದೇವತೆ ಬರುತ್ತಾಳೆ, ಕೊಳವೆ ಬಾವಿಯ ಬಾಯಿಗೆ ಊದುತ್ತಾಳೆ, ನೀರು ಆಳೆತ್ತರಕ್ಕೆ ಚಿಮ್ಮುತ್ತದೆ. ಬರೆದದ್ದು ನಮಗಂತೂ ಬಹಳ ಚೆನ್ನಾಗಿ ಕಂಡಿತು. ಓದಿ ಹೇಳಿದಾಗ ಮನೆಯ ಹುಡುಗಿ ಕೇಳಿದ್ದು ಒಂದೇ ಮಾತು: “ಹಂಗಾದ್ರೆ ನಮ್ಮ ಬೋರಿಗೆ ಯಾಕೆ ಬರ್ಲಿಲ್ಲ ತಾತ?”

ಉತ್ತರ ಹೊಳೆಯಲಿಲ್ಲ. ಭರವಸೆ ಕೊಡಲು ಹೋಗಿ ಮಗುವಿಗೆ ಸುಳ್ಳು ಹೇಳಿದ್ದೆವು. ದೇವತೆ ಬೇರೆಯವರ ತೋಟಕ್ಕೆ ಹೋಗಿ ನಮ್ಮದನ್ನು ಬಿಟ್ಟಳೇ ಎಂಬ ಹೊಸ ದುಃಖವನ್ನೂ ಕೊಟ್ಟಂತಾಯಿತು. ಮಕ್ಕಳ ಕತೆಯಲ್ಲಿ ಅದ್ಭುತ ಬೇಡವೆಂದಲ್ಲ. ಅದ್ಭುತವಿಲ್ಲದಿದ್ದರೆ ಮಕ್ಕಳು ಎದ್ದೇ ಹೋಗುತ್ತವೆ. ಆದರೆ ಆ ಅದ್ಭುತದ ಬೇರು ಮಗು ಹೋಗಿ ಮುಟ್ಟಿ ನೋಡಬಹುದಾದ ಮಣ್ಣಿನಲ್ಲಿರಬೇಕು ಎಂಬುದು ಅಂದು ನಮಗೆ ತಿಳಿಯಿತು.

ನಮ್ಮ ಹಿರಿಯ ಲೇಖಕರು ಮಾಡಿದ್ದೂ ಇದನ್ನೇ. ಅವರಲ್ಲಿ ಹಲವರು ನಮ್ಮ ನಿಮ್ಮಂತೆ ಅಡಿಕೆ, ಕಾಫಿಯ ನಡುವೆ ಬದುಕಿದವರೆಂಬುದು ಹೆಮ್ಮೆಯ ವಿಷಯ. ಬಂಟವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಕೊಡಗಿನ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಹಾವು, ತೆಂಕಣ ಗಾಳಿಗಳನ್ನೇ ಮಕ್ಕಳ ಒಡನಾಡಿಗಳನ್ನಾಗಿ ಮಾಡಿದರು. ಶಿವರಾಮ ಕಾರಂತರು ಅಡಿಕೆಯ ಊರಾದ ಪುತ್ತೂರಿನ ಬಾಲವನದಲ್ಲಿ ಕುಳಿತು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ ಬರೆದರು. ಕುಪ್ಪಳಿಯ ಕುವೆಂಪು ಅವರು ಜರ್ಮನಿಯ ಹ್ಯಾಮಲಿನ್ ಪಟ್ಟಣದ ಇಲಿಗಳ ಕತೆಯನ್ನು ತುಂಗೆಯ ದಡದ ಬೊಮ್ಮನಹಳ್ಳಿಗೆ ತಂದು ಕಿಂದರಿಜೋಗಿಯನ್ನು ನಮ್ಮವನನ್ನಾಗಿಸಿದರು. ನಮ್ಮ ಮಗ್ಗುಲಿಗೇ ಬಂದರೆ, ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯವರಾದ ಎಚ್.ಎಸ್. ವೆಂಕಟೇಶಮೂರ್ತಿಯವರು ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಮೇಷ್ಟ್ರಾಗಿದ್ದರು. 2025ರಲ್ಲಿ ತೀರಿಕೊಂಡ ಅವರು ಮಕ್ಕಳಿಗೆ ಬಿಟ್ಟುಹೋದ ಪದ್ಯ, ನಾಟಕಗಳು ದೊಡ್ಡ ಆಸ್ತಿ.

ಆದರೂ ಬೆಳೆಗಾರರಾದ ನಮಗೆ ಹೆಚ್ಚು ಪಾಠ ಹೇಳುವವರು ಮೂಡಿಗೆರೆಯ ಕಾಫಿ ತೋಟದ ಪೂರ್ಣಚಂದ್ರ ತೇಜಸ್ವಿ. 1980ರಲ್ಲಿ ಬಂದ ಅವರ ‘ಕರ್ವಾಲೊ’ ಮಕ್ಕಳಿಗೆಂದು ಬರೆದದ್ದಲ್ಲ. ಆದರೆ ಹೈಸ್ಕೂಲು ಹುಡುಗರ ಕೈಗೆ ಕೊಟ್ಟು ನೋಡಿ, ಊಟಕ್ಕೆ ಕರೆದರೂ ಏಳುವುದಿಲ್ಲ. ಬೇಸಾಯದ ತಾಪತ್ರಯದಿಂದ ಬೇಸತ್ತ ನಿರೂಪಕ, ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಹಳ್ಳಿಯ ಮಂದಣ್ಣ, ಕಿವಿ ಎಂಬ ನಾಯಿ, ಇವರೆಲ್ಲ ಕೂಡಿ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುತ್ತಾರೆ. ಶಾಲೆಯಲ್ಲಿ ದಡ್ಡನೆನಿಸಿಕೊಂಡ ಮಗುವಿಗೆ ಮಂದಣ್ಣನಂಥವನ ಕಣ್ಣಿಗೆ ಬೆಲೆ ಬಂದದ್ದನ್ನು ಓದಿದರೆ ಎಷ್ಟು ಧೈರ್ಯ ಬಂದೀತೆಂದು ಬೇರೆ ಹೇಳಬೇಕಿಲ್ಲ. ಕೊನೆಗೆ ಓತಿ ಸಿಕ್ಕುವುದಿಲ್ಲ, ಕಣಿವೆಗೆ ತೇಲಿ ಮರೆಯಾಗುತ್ತದೆ. ಹಾಗಿದ್ದೂ ಓದಿದವರಿಗೆ ಸೋತೆವೆಂದು ಅನಿಸುವುದಿಲ್ಲ.

ಹಾರುವ ಓತಿ ಕಟ್ಟುಕತೆಯ ಪ್ರಾಣಿಯೆಂದು ನಂಬಿದವರು ಇನ್ನೂ ಇದ್ದಾರೆ. ಘಟ್ಟದ ಸೀಮೆಯ ಸದಸ್ಯರು ತಮ್ಮ ಅಡಿಕೆ ತೋಟದಲ್ಲೇ ನೋಡಬಹುದು. ಬಾಲವೂ ಸೇರಿ ಗೇಣುದ್ದ ಇರುತ್ತದೆ, ಮರದ ತೊಗಟೆಯ ಬಣ್ಣ. ಅದರ ಪಕ್ಕೆಲುಬುಗಳು ಹೊರಕ್ಕೆ ಉದ್ದವಾಗಿ ಬೆಳೆದಿವೆ. ಅವನ್ನು ಬಿಚ್ಚಿದಾಗ ನಡುವಿನ ಚರ್ಮ ಕೊಡೆಯಂತೆ ಹರಡಿ, ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗುತ್ತದೆ. ಗಂಡಿನ ಗಂಟಲ ಕೆಳಗೆ ಹಳದಿ ಚೀಲವುಂಟು. ಇರುವೆ ತಿಂದು ಬದುಕುತ್ತದೆ. ಹೆಣ್ಣು ಮೊಟ್ಟೆಯಿಡಲು ಮಾತ್ರ ನೆಲಕ್ಕಿಳಿಯುತ್ತದೆ. ನಮ್ಮ ಬೇಲಿಯ ಮೇಲೆ ತಲೆ ಕುಣಿಸುವ ಓತಿಕ್ಯಾತ ಇದರ ದಾಯಾದಿಯೇ, ಎರಡೂ ಒಂದೇ ಕುಟುಂಬ. ಕಲ್ಲು ಹೊಡೆಯುವ ನಮ್ಮೂರ ಹುಡುಗರಿಗೆ “ಇವನ ಅಣ್ಣ ಮೂಡಿಗೆರೆಯಲ್ಲಿ ಹಾರುತ್ತಾನೆ ಕಣ್ರೋ” ಎಂದೆವು. ಕಲ್ಲು ಕೆಳಗೆ ಬಿತ್ತು. ಎಷ್ಟು ದಿನದ ಮಟ್ಟಿಗೋ, ಅದು ಬೇರೆ ಮಾತು.

ಹೊರದೇಶದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಸ್ವೀಡನ್ ದೇಶದ ಶಿಕ್ಷಕರ ಸಂಘವು, ಮಕ್ಕಳಿಗೆ ತಮ್ಮ ನಾಡಿನ ಭೂಗೋಳ ಕಲಿಸಲು ಪುಸ್ತಕವೊಂದು ಬೇಕೆಂದು ಸೆಲ್ಮಾ ಲಾಗರ್‌ಲೋಫ್ ಎಂಬ ಲೇಖಕಿಯನ್ನು ಕೇಳಿತು. ಆಕೆ ಪಾಠ ಬರೆಯಲಿಲ್ಲ. ಪ್ರಾಣಿಗಳನ್ನು ಕಾಡುತ್ತಿದ್ದ ನಿಲ್ಸ್ ಎಂಬ ತುಂಟ ಹುಡುಗ ಬೆರಳುದ್ದದವನಾಗಿ, ಬಾತುಕೋಳಿಯ ಬೆನ್ನೇರಿ, ಕಾಡುಬಾತುಗಳ ಹಿಂಡಿನೊಡನೆ ನಾಡೆಲ್ಲ ಸುತ್ತುವ ಕತೆ ಬರೆದರು. ಅದು 1906-07ರಲ್ಲಿ ಎರಡು ಭಾಗವಾಗಿ ಬಂತು. 1909ರಲ್ಲಿ ಆಕೆಗೆ ನೊಬೆಲ್ ಪ್ರಶಸ್ತಿಯೂ ಬಂತು. ಶಿಕ್ಷಕರ ಸಂಘಕ್ಕೆ ಸಾಧ್ಯವಾದದ್ದು ಬೆಳೆಗಾರರ ಸಂಘಕ್ಕೆ ಯಾಕಾಗಬಾರದು? ಬಾತು ಬೇಕಿದ್ದರೆ ನಮ್ಮಲ್ಲೂ ಇವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುತ್ತವೆ. ನಮ್ಮ ಹುಡುಗನೊಬ್ಬನನ್ನು ಅವುಗಳ ಬೆನ್ನೇರಿಸುವುದಷ್ಟೇ ಬಾಕಿ.

ಆ ಹುಡುಗಿಗೆ ನಾವು ಕೊಡಬೇಕಾಗಿದ್ದ ಉತ್ತರದ ಮಾತಿಗೆ ಬರೋಣ. ಒಣಗಿದ ಕೆರೆಯಂಗಳದಿಂದ ತೋಟಕ್ಕೆ ಗೋಡು ಹೊಡೆಸುವವರಿಗೆ ಈ ಪ್ರಾಣಿ ಗೊತ್ತಿರುತ್ತದೆ. ಮಣ್ಣು ತೋಡುವಾಗ ಗುಂಡಗೆ, ಮಣ್ಣುಂಡೆಯಂತೆಯೇ ಕಾಣುವ ಕಪ್ಪೆಯೊಂದು ಸಿಗುತ್ತದೆ. ಹಿಂಗಾಲಿನ ಅಡಿಯಲ್ಲಿ ಗುದ್ದಲಿಯಂಥ ಗಟ್ಟಿ ಗಂಟು. ಅದರಿಂದ ಹಿಮ್ಮುಖವಾಗಿ ತೋಡುತ್ತ ನೆಲದೊಳಗೆ ಇಳಿಯುತ್ತದೆ. ಬೇಸಿಗೆಯೆಲ್ಲ ಒಳಗೇ ಇದ್ದು, ಜೋರು ಮಳೆ ಬಿದ್ದ ರಾತ್ರಿ ಮೇಲೆ ಬಂದು ಕೂಗುತ್ತದೆ. ನೀರು ನಿಂತ ಗುಂಡಿಗಳಲ್ಲೇ ಮೊಟ್ಟೆಯಿಟ್ಟು, ನೀರು ಇಂಗುವುದರೊಳಗೆ ಸಂಸಾರ ಮುಗಿಸಿಕೊಳ್ಳುತ್ತದೆ.

ಎರಡನೆಯ ಕತೆಯಲ್ಲಿ ಒಬ್ಬ ಹುಡುಗಿ ಸಾಸಿವೆ ಕಾಳಿನಷ್ಟಾಗಿ, ಅಡಿಕೆ ಹಾಳೆಯ ಚೂರನ್ನೇ ತೇರು ಮಾಡಿಕೊಂಡು, ಕೆರೆಯ ಬಿರುಕಿನೊಳಗೆ ಇಳಿಯುತ್ತಾಳೆ. ಅಲ್ಲಿ ಕಪ್ಪೆಯಜ್ಜಿ ನಿದ್ದೆಯಲ್ಲಿದ್ದಾಳೆ. ಹಳೆಯ ಮಳೆಗಳ ಲೆಕ್ಕವೆಲ್ಲ ಆಕೆಯ ಬಾಯಲ್ಲಿ. ಅವಳು ನೀರು ಕೊಡುವುದಿಲ್ಲ, ಕೊಡಲಾರಳು. ಕಾಯುವುದು ಹೇಗೆಂದು ತೋರಿಸುತ್ತಾಳೆ, ಕೆರೆಗೆ ನೀರು ಬರುವ ಹಳ್ಳದ ದಾರಿಯಲ್ಲಿ ಏನು ಅಡ್ಡ ಬಿದ್ದಿದೆಯೆಂದು ಹೇಳುತ್ತಾಳೆ. ಹುಡುಗಿ ಮೇಲೆ ಬಂದು ಗೆಳೆಯರನ್ನು ಕರೆದು ಆ ದಾರಿ ಬಿಡಿಸುತ್ತಾಳೆ. ಮಳೆ ಬಂತೋ ಇಲ್ಲವೋ ಎಂಬುದನ್ನು ಮೊದಲ ಸಲ ನಾವು ಬರೆದಿರಲಿಲ್ಲ.

ಅದನ್ನು ಪೂರ್ತಿ ಮಾಡಿಸಿದ್ದು ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದನ್ನು ನಮ್ಮ ಹಿರಿಯರು ಪುರಾಣದಂತೆ ಹೇಳುತ್ತಿದ್ದರು, ನಾವು ಪುರಾಣದಂತೆಯೇ ಕೇಳುತ್ತಿದ್ದೆವು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ, ಅದು ಮತ್ತೆ ಕೋಡಿ ಬಿತ್ತು. ನೋಡಲು ಜನವೋ ಜನ. 2025ರಲ್ಲೂ ಬಿತ್ತು. ಕಟ್ಟುಕತೆಯಲ್ಲಿ ಹೀಗೆ ಬರೆದಿದ್ದರೆ ಅತಿಯಾಯಿತೆಂದು ನಾವೇ ಹೊಡೆದು ಹಾಕುತ್ತಿದ್ದೆವು. ಕಪ್ಪೆಯಜ್ಜಿಯ ಲೆಕ್ಕದಲ್ಲಿ ಈಗ ಆ ಎರಡು ವರ್ಷಗಳೂ ಸೇರಿವೆ.

ಬರೆಯಬೇಕೆನ್ನುವ ಸದಸ್ಯರಿಗೆ ನಮ್ಮ ಅನುಭವದ ಒಂದೆರಡು ಮಾತು. ಕತೆ ತೋಟದಲ್ಲೇ ನಡೆಯಲಿ. ಅರಮನೆ, ರಾಜಕುಮಾರರು ಬೇಕಾದಷ್ಟಾಗಿದ್ದಾರೆ. ಕಾಫಿ ತೋಟದವರು ಹೂ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಗಿಡವೆಲ್ಲ ಬೆಳ್ಳಗಾಗುವುದನ್ನು ಬರೆದರೆ ಸಾಕು, ಅದಕ್ಕಿಂತ ದೊಡ್ಡ ಮಾಯೆ ಬೇಕಿಲ್ಲ. ಭಯವೂ ಇರಲಿ. ಹೆದರಿಕೆಯಿಲ್ಲದ ಸಾಹಸವನ್ನು ಮಕ್ಕಳು ನಂಬುವುದಿಲ್ಲ. ಮನೆಮಾತಿನಲ್ಲೇ ಬರೆಯಿರಿ. ನೀತಿಯನ್ನು ಕಡೆಯಲ್ಲಿ ಅಂಟಿಸಬೇಡಿ. ಬರೆದದ್ದನ್ನು ಮೊದಲು ಒಂದು ಮಗುವಿಗೆ ಓದಿ ಹೇಳಿ, ಅದು ಕೇಳುವ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ.

ಎರಡನೆಯ ಕತೆ ಕೇಳಿದ ಮೇಲೆ ನಮ್ಮ ಹುಡುಗಿ ಏನೂ ಕೇಳಲಿಲ್ಲ. ಮರುದಿನ ಸಣ್ಣ ಗುದ್ದಲಿ ಕಾಣೆಯಾಗಿತ್ತು. ಹುಡುಕಿಕೊಂಡು ಹೋದರೆ ಕೆರೆಯಂಗಳದಲ್ಲಿ ನಾಲ್ಕು ಮಕ್ಕಳು ತಲೆಗೆ ತಲೆ ತಾಗಿಸಿ ಬಗ್ಗಿ ಕೂತಿದ್ದವು. “ಮೆತ್ತಗೆ ಬಾ ತಾತ, ಅಜ್ಜಿ ಎಚ್ಚರ ಆಗ್ತಾಳೆ” ಎಂದಳು.