ಹೊಟ್ಟು, ಸುಣ್ಣ, ರೇಷ್ಮೆ ಗೂಡು

‘ಭೌತ ಬದಲಾವಣೆಯನ್ನು ಹಿಂದಕ್ಕೆ ತರಬಹುದು, ರಾಸಾಯನಿಕ ಬದಲಾವಣೆಯನ್ನು ತರಲಾಗದು.’ ಹೈಸ್ಕೂಲು ಮೆಟ್ಟಿಲು ಹತ್ತಿದವರಿಗೆಲ್ಲ ಈ ಸಾಲು ಬಾಯಿಪಾಠ. ಮಂಜುಗಡ್ಡೆ ಕರಗಿ ನೀರಾಗುತ್ತದೆ, ನೀರು ಮತ್ತೆ ಮಂಜುಗಡ್ಡೆಯಾಗುತ್ತದೆ. ಕಾಗದ ಸುಟ್ಟರೆ ಬೂದಿ. ಬೂದಿ ಮತ್ತೆ ಕಾಗದವಾಗದು. ಗೈಡಿನಲ್ಲಿ ಇಷ್ಟಿದೆ, ಎರಡು ಅಂಕಕ್ಕೆ ಇಷ್ಟು ಸಾಕು.

ಈ ಸಾಲನ್ನು ನಂಜನಗೂಡಿನ ಯಾವುದಾದರೂ ಅಕ್ಕಿ ಗಿರಣಿಯ ಮುಂದೆ ನಿಂತು ಒರೆಗೆ ಹಚ್ಚಿ ನೋಡಿ. ಒಳಗೆ ಹೋದದ್ದು ಭತ್ತ. ಹೊರಬಂದದ್ದು ಅಕ್ಕಿ, ತೌಡು, ಹೊಟ್ಟು. ಮೂರನ್ನೂ ಕೂಡಿಸಿ ಮತ್ತೆ ಭತ್ತ ಮಾಡಬಲ್ಲವರು ಇನ್ನೂ ಹುಟ್ಟಿಲ್ಲ. ನನ್ನ ತರಗತಿಯ ಹುಡುಗಿಯೊಬ್ಬಳು ಇದನ್ನೇ ಹಿಡಿದು, ‘ಭತ್ತ ಕುಟ್ಟುವುದು ರಾಸಾಯನಿಕ ಬದಲಾವಣೆ’ ಎಂದು ಬರೆದಿದ್ದಳು. ಉತ್ತರ ತಪ್ಪು, ಆದರೆ ಅವಳ ತರ್ಕದಲ್ಲಿ ದೋಷವಿಲ್ಲ. ದೋಷವಿರುವುದು ನಾವು ಕಲಿಸುವ ಸೂತ್ರದಲ್ಲಿ.

ಕೇಳಬೇಕಾದ ಪ್ರಶ್ನೆ ಬೇರೆ. ಹಿಂದಕ್ಕೆ ಬಂದೀತೇ ಎಂಬುದಲ್ಲ. ಹೊಸ ವಸ್ತು ಹುಟ್ಟಿತೇ ಎಂಬುದು. ಗಿರಣಿಯಲ್ಲಿ ಹೊಟ್ಟು ಕಳಚಿತು, ಅಷ್ಟೆ. ಅಕ್ಕಿಯ ಪಿಷ್ಟ ಪಿಷ್ಟವಾಗಿಯೇ ಉಳಿಯಿತು. ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಗೆ ಸೇರಿದಾಗಲೂ ಹಾಗೆಯೇ. ಎರಡು ನೀರನ್ನು ಮತ್ತೆ ಬೇರ್ಪಡಿಸಲಾಗದು, ಆದರೂ ಅದು ನೀರೇ.

ಅದೇ ಹೊಟ್ಟಿಗೆ ಬೆಂಕಿ ತಗುಲಿದರೆ ಕಥೆ ಬೇರೆಯಾಗುತ್ತದೆ. ನಮ್ಮ ಕಡೆ ಹೊಟ್ಟಿಗೆ ಮರ್ಯಾದೆ ಜಾಸ್ತಿ. ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ನಂಜನಗೂಡು ಹಲ್ಲುಪುಡಿಗೆ ಭತ್ತದ ಹೊಟ್ಟೇ ಮುಖ್ಯ ಸಾಮಗ್ರಿಯಾಯಿತು. ನೂರು ಕಿಲೋ ಹೊಟ್ಟು ಪೂರ್ತಿ ಉರಿದರೆ ಸುಮಾರು 20 ಕಿಲೋ ಬೂದಿ ಉಳಿಯುತ್ತದೆ. ಮಿಕ್ಕದ್ದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಗಾಳಿಗೆ ಸೇರುತ್ತದೆ. ಹೊಟ್ಟಿನಲ್ಲಿದ್ದ ನಾರು ಈಗ ಇಲ್ಲ. ಇದು ರಾಸಾಯನಿಕ ಬದಲಾವಣೆ. ಬೂದಿಯ ಬಹುಪಾಲು ಸಿಲಿಕಾ, ಅಂದರೆ ಹೊಳೆಯ ಮರಳಿನಲ್ಲಿರುವ ವಸ್ತುವೇ. ಅದನ್ನು ಬೆಂಕಿ ಹುಟ್ಟಿಸಿದ್ದಲ್ಲ. ಪೈರು ಬೇರಿನಿಂದ ಹೀರಿ ಹೊಟ್ಟಿನಲ್ಲಿ ಮೊದಲೇ ಕೂಡಿಟ್ಟಿತ್ತು. ಒಂದೇ ಒಲೆಯಲ್ಲಿ ಒಂದು ಭಾಗ ಬೇರೆಯೇ ಆಗುತ್ತದೆ, ಇನ್ನೊಂದು ಭಾಗ ಹೆಚ್ಚುಕಡಿಮೆ ಇದ್ದಂತೆಯೇ ಉಳಿಯುತ್ತದೆ.

ಇನ್ನು ಸೂತ್ರದ ಎರಡನೆಯ ಅರ್ಧ: ರಾಸಾಯನಿಕ ಬದಲಾವಣೆ ಹಿಂದಕ್ಕೆ ಬಾರದು. ಇದನ್ನು ಸುಳ್ಳು ಮಾಡಲು ಪ್ರಯೋಗಶಾಲೆ ಬೇಡ, ಆರತಿ ತಟ್ಟೆ ಸಾಕು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಅರಿಶಿನದ ಬಣ್ಣದ ಅಣುವನ್ನು ಸುಣ್ಣದ ಕ್ಷಾರ ಬದಲಿಸಿರುತ್ತದೆ. ಈಗ ಸಾಕಷ್ಟು ನಿಂಬೆರಸ ಹಿಂಡಿ. ಮತ್ತೆ ಹಳದಿ!

ಸುಣ್ಣದ್ದೇ ಕಥೆ ಇನ್ನೂ ದೊಡ್ಡದು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ, ಶುದ್ಧ ಕಲ್ಲಾದರೆ 100 ಕಿಲೋಗೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಸೋಕಿದರೆ ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ, ಹಾರಿಹೋದ ಅದೇ ಅನಿಲವನ್ನು ಗಾಳಿಯಿಂದ ಹೀರುತ್ತ, ದಿನಗಳು ಕಳೆದಂತೆ ಮತ್ತೆ ಸುಣ್ಣದ ಕಲ್ಲಿನ ವಸ್ತುವೇ ಆಗುತ್ತದೆ. ಮೂರು ರಾಸಾಯನಿಕ ಬದಲಾವಣೆಗಳು ಮುಗಿದು, ಹೊರಟ ಜಾಗಕ್ಕೇ ಬಂದಂತಾಯಿತು!

ಇಲ್ಲಿ ಒಂದು ಮಾತು ಹೇಳಲೇಬೇಕು. ಹಬ್ಬಕ್ಕೆ ಸುಣ್ಣ ಬಳಿಯುವ ಮನೆಗಳಲ್ಲಿ ಮಕ್ಕಳು ಡ್ರಮ್ಮಿನ ಸುತ್ತಲೇ ಇರುತ್ತಾರೆ. ಸುಣ್ಣ ಅರಳುವುದನ್ನು ಸಕ್ಕರೆ ಕರಗಿದಂತೆ ಎಂದುಕೊಂಡ ಮಗು ಬಗ್ಗಿ ನೋಡುತ್ತದೆ. ಸಕ್ಕರೆ ಕರಗುವುದು ಭೌತ ಬದಲಾವಣೆ, ಅದು ತಣ್ಣಗೆ ಮುಗಿಯುತ್ತದೆ. ಸುಣ್ಣದ ಹರಳು ನೀರಿನೊಂದಿಗೆ ಸಂಯೋಗಗೊಂಡು ನೀರನ್ನೇ ಕುದಿಸುವಷ್ಟು ಶಾಖ ಬಿಡುತ್ತದೆ, ಸಿಡಿಯುತ್ತದೆ. ಸಿಡಿದದ್ದು ಕಣ್ಣಿಗೆ ಬಿದ್ದರೆ ಉಜ್ಜದೆ, ಆ ಕ್ಷಣವೇ ಧಾರಾಳವಾಗಿ ನೀರು ಹಾಕಿ ತೊಳೆಯುತ್ತ ಆಸ್ಪತ್ರೆಗೆ ಒಯ್ಯಬೇಕು. ದೃಷ್ಟಿಯನ್ನೇ ಕಳೆಯಬಲ್ಲ ಕ್ಷಾರವದು. ಪಾಠದಲ್ಲಿ ಮಂಜುಗಡ್ಡೆಗೆ ಕೊಡುವ ಜಾಗದ ಅರ್ಧವನ್ನಾದರೂ ಸುಣ್ಣಕ್ಕೆ ಕೊಡಬೇಕೆಂದು ನನಗೆ ಅನ್ನಿಸುವುದು ಇದಕ್ಕೇ.

ಎರಡೂ ಕಡೆ ಕಾಲಿಟ್ಟ ಉದಾಹರಣೆ ಬೇಕಾದರೆ ಟಿ. ನರಸೀಪುರಕ್ಕೆ ಬನ್ನಿ. ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮದ ನೂಲು ಬಿಚ್ಚಾಣಿಕೆ ಕಾರ್ಖಾನೆ ಇರುವುದು ಇಲ್ಲಿಯೇ. ರೇಷ್ಮೆ ಗೂಡೆಂದರೆ ನೂರಾರು ಮೀಟರ್ ಉದ್ದದ ಒಂದೇ ಎಳೆ, ಅದರ ಮೈಗೆಲ್ಲ ಅಂಟು. ಎಳೆ ಫೈಬ್ರಾಯಿನ್, ಅಂಟು ಸೆರಿಸಿನ್, ಎರಡೂ ಪ್ರೋಟೀನುಗಳೇ. ಬಿಸಿನೀರಿನಲ್ಲಿ ಬೇಯಿಸಿದಾಗ ಅಂಟು ಮೆತ್ತಗಾಗಿ ಎಳೆ ಬಿಡುತ್ತದೆ. ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಎಳೆಯುವಾಗ ಅದೇ ಅಂಟು ಒಣಗಿ ಅವನ್ನೆಲ್ಲ ಒಂದೇ ನೂಲಾಗಿ ಹಿಡಿದಿಡುತ್ತದೆ. ಇಷ್ಟರವರೆಗೆ ಇದು ಬಹುಮಟ್ಟಿಗೆ ಭೌತ ಬದಲಾವಣೆ.

ಮುಂದೆ ಈ ಒರಟು ನೂಲನ್ನೋ ಬಟ್ಟೆಯನ್ನೋ ಸೋಪು, ಸೋಡದ ನೀರಿನಲ್ಲಿ ಕುದಿಸುತ್ತಾರೆ. ಆಗ ಸೆರಿಸಿನ್ನಿನ ಉದ್ದನೆಯ ಸರಪಳಿಗಳು ತುಂಡಾಗಿ ನೀರಿಗೆ ಹೋಗುತ್ತವೆ, ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಇಳಿಯುತ್ತದೆ. ಕೈಗೆ ನಯ ಸಿಗುವುದು, ಕಣ್ಣಿಗೆ ಹೊಳಪು ಕಾಣುವುದು ಆಮೇಲೆ.